ಒಲೆ ಮೇಲೆ ಹಾಲಿದೆ, ಆಮೇಲೆ ಮಾಡ್ತೀನಿ

ಹೋದ ಕಾರ್ತಿಕದ ಒಂದು ಬೆಳಿಗ್ಗೆ. ಅರಸೀಕೆರೆಯಲ್ಲಿರುವ ನಮ್ಮ ಸೋದರತ್ತೆ ಒಲೆಯ ಮೇಲೆ ಹಾಲಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರಿಗೆ 71 ವರ್ಷ, ನಿವೃತ್ತ ಹೈಸ್ಕೂಲ್ ಟೀಚರ್. ಆಗ ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ ಅವರ ಪಿಂಚಣಿ ಬರುವ ಬ್ಯಾಂಕಿನ ಹೆಸರು, ಜೊತೆಗೆ ಅದರ ಲಾಂಛನ. ಆ ಕಡೆಯ ಹುಡುಗನದು ಒಳ್ಳೆಯ ಕನ್ನಡ.

‘ಅಮ್ಮ, ನಿಮ್ಮ ಜೀವನ ಪ್ರಮಾಣಪತ್ರ ಅಪ್‌ಡೇಟ್ ಆಗಿಲ್ಲ. ಇವತ್ತು ಹನ್ನೆರಡು ಗಂಟೆಯೊಳಗೆ ಆಗದಿದ್ರೆ ಪೆನ್ಷನ್ ನಿಂತುಹೋಗುತ್ತೆ. ಈಗೊಂದು ಒಟಿಪಿ ಬರುತ್ತೆ, ಅದನ್ನ ಹೇಳಿಬಿಡಿ ಸಾಕು.’

‘ತಡಿಯಪ್ಪ, ಒಲೆ ಮೇಲೆ ಹಾಲಿದೆ. ಆಮೇಲೆ ನಾನೇ ಮಾಡ್ತೀನಿ.’

‘ಬೇಡಮ್ಮ, ಕಟ್ ಮಾಡಬೇಡಿ. ಲೈನಲ್ಲೇ ಇರಿ.’

‘ಉಕ್ಕಿದ್ರೆ ನೀನು ಬಂದು ಒಲೆ ಒರೆಸ್ತೀಯಾ?’

ಫೋನಿಟ್ಟು ಹಾಲು ಇಳಿಸಿದರು. ಕಾಫಿ ಕುಡಿದರು. ಆಮೇಲೆ ಪಾಸ್‌ಬುಕ್ ತೆಗೆದು ಅದರ ಮೇಲಿದ್ದ ಶಾಖೆಯ ನಂಬರಿಗೆ ಫೋನ್ ಮಾಡಿದರು. ಅಲ್ಲಿಂದ ಯಾರೂ ಕರೆ ಮಾಡಿರಲಿಲ್ಲ. ಪ್ರಮಾಣಪತ್ರ ವಾರದ ಹಿಂದೆಯೇ ದಾಖಲಾಗಿತ್ತು.

ನಾನು ಅವರ ಜಾಣತನವನ್ನು ಹೊಗಳಲು ಹೋದರೆ ಅತ್ತೆ ಒಪ್ಪಲಿಲ್ಲ. ‘ಜಾಣತನ ಎಲ್ಲಿ ಬಂತೋ? ಹಾಲಿಲ್ಲದೇ ಇದ್ದಿದ್ರೆ ಹೇಳೇಬಿಡ್ತಿದ್ದೆ. ಬ್ಯಾಂಕಿನ ಹೆಸರೇ ಬಂದಿತ್ತಲ್ಲ!’

ಈ ಬರಹ ಹುಟ್ಟಿದ್ದು ಆ ಕೊನೆಯ ಮಾತಿನಿಂದ. ಪರದೆಯ ಮೇಲೆ ಬರುವ ಹೆಸರನ್ನು ಬರೆಯುವವರು ಯಾರು? ಆ ನಂಬರಿಗೆ ಜಾಮೀನು ಯಾರು?

ಲಕೋಟೆಯ ಮೇಲಿನ ವಿಳಾಸ

ಲ್ಯಾಂಡ್‌ಲೈನ್ ಕಾಲದಲ್ಲಿ ಫೋನ್ ಎತ್ತಿ ‘ಹಲೋ’ ಎನ್ನುವವರೆಗೂ ಆ ಕಡೆ ಯಾರಿದ್ದಾರೆಂಬುದು ಗುಟ್ಟು. ಆಮೇಲೆ ಕಾಲರ್ ಐಡಿ ಬಂತು. ಫೋನಿನ ಪಕ್ಕದಲ್ಲೊಂದು ಪುಟ್ಟ ಪೆಟ್ಟಿಗೆ, ಅದರೊಳಗೆ ಮಿಣುಗುವ ಅಂಕಿಗಳು. ಕರೆ ತಲುಪಿಸುವಾಗಲೇ ಎಕ್ಸ್‌ಚೇಂಜ್ ಕರೆ ಮಾಡಿದವರ ನಂಬರನ್ನೂ ಸಂಕೇತವಾಗಿ ತಂತಿಯ ಮೇಲೆ ಕಳಿಸುತ್ತಿತ್ತು. ಆ ಪೆಟ್ಟಿಗೆಗೆ ನಂಬರ್ ಕಂಡುಹಿಡಿಯುವ ಶಕ್ತಿಯೇನೂ ಇರಲಿಲ್ಲ. ಮೇಲಿನಿಂದ ಏನು ಬಂತೋ ಅದನ್ನು ಓದಿ ತೋರಿಸುತ್ತಿತ್ತು, ಅಷ್ಟೆ. ಇಂದಿನ ಸ್ಮಾರ್ಟ್‌ಫೋನ್ ಮಾಡುವುದೂ ಇದೇ ಕೆಲಸ.

ಒಂದು ಕರೆ ನಮ್ಮನ್ನು ಮುಟ್ಟುವ ಮೊದಲು ಒಂದು ಜಾಲದಿಂದ ಇನ್ನೊಂದಕ್ಕೆ ಕೈಬದಲಾಗುತ್ತದೆ. ಪ್ರತಿ ಜಾಲವೂ ಮುಂದಿನದಕ್ಕೆ ‘ಇದು ಇಂಥ ನಂಬರಿನಿಂದ ಬಂದದ್ದು’ ಎಂಬ ಚೀಟಿ ದಾಟಿಸುತ್ತದೆ. ಈ ವ್ಯವಸ್ಥೆ ಕಟ್ಟಿದ ಕಾಲಕ್ಕೆ ಜಾಲಗಳನ್ನು ನಡೆಸುತ್ತಿದ್ದವರು ಬೆರಳೆಣಿಕೆಯ ದೊಡ್ಡ ಸಂಸ್ಥೆಗಳು. ಒಬ್ಬರ ಚೀಟಿಯನ್ನು ಇನ್ನೊಬ್ಬರು ಸಂಶಯವಿಲ್ಲದೆ ನಂಬುತ್ತಿದ್ದರು. ಇಂಟರ್‌ನೆಟ್ ಮೂಲಕ ಕರೆ ಮಾಡುವ ತಂತ್ರಜ್ಞಾನ ಬಂದ ಮೇಲೆ ಈ ಸಾಲಿನೊಳಗೆ ಯಾರು ಬೇಕಾದರೂ ನುಸುಳುವಂತಾಯಿತು. ಚೀಟಿಯ ಮೇಲೆ ತಮಗೆ ಬೇಕಾದ ನಂಬರ್ ಬರೆದುಕೊಳ್ಳುವ ಈ ಕಸುಬಿಗೆ ಸ್ಪೂಫಿಂಗ್ ಎನ್ನುತ್ತಾರೆ.

ನಂಬರ್ ಬದಲಿಸಿ ತೋರಿಸುವುದೆಲ್ಲ ಕಳ್ಳತನವೇನಲ್ಲ. ದೊಡ್ಡ ಆಸ್ಪತ್ರೆಯ ಯಾವ ವಾರ್ಡಿನಿಂದ ಫೋನ್ ಬಂದರೂ ನಮಗೆ ಕಾಣುವುದು ಮುಖ್ಯ ನಂಬರೇ. ಆ್ಯಪ್‌ನಲ್ಲಿ ಕರೆಸಿದ ಕ್ಯಾಬಿನ ಚಾಲಕ ‘ಸಾರ್, ಎಲ್ಲಿದೀರ?’ ಎಂದು ಕೇಳುವಾಗ ಕಾಣುವುದು ಎಷ್ಟೋ ಸಲ ಅವನ ಸ್ವಂತ ನಂಬರಲ್ಲ. ಇಬ್ಬರ ಗುಟ್ಟೂ ಉಳಿಯಲೆಂದು ಕಂಪನಿ ನಡುವೆ ನಿಲ್ಲಿಸಿದ ನಂಬರ್ ಅದು. ಅನುಕೂಲಕ್ಕೆಂದು ಮಾಡಿದ ಈ ಬಾಗಿಲಲ್ಲೇ ವಂಚಕನೂ ಬರುತ್ತಾನೆ. ಕಾಲರ್ ಐಡಿ ಎಂದರೆ ಲಕೋಟೆಯ ಹಿಂದೆ ‘ಇಂದ’ ಎಂದು ಬರೆದ ವಿಳಾಸ. ಅಂಚೆಯವನು ಅದನ್ನು ಪರೀಕ್ಷಿಸಿ ತರುವುದಿಲ್ಲ. ಬರೆದವನು ಏನು ಬರೆದನೋ ಅದೇ ವಿಳಾಸ.

ನಂಬರ್ ನಿಜ, ಊರು ಸುಳ್ಳು

ಇದಕ್ಕಿಂತ ಒಂದು ಕೈ ಮೇಲಿನ ಆಟವೊಂದಿದೆ. ಅದರಲ್ಲಿ ನಂಬರ್ ಖೋಟಾ ಅಲ್ಲ, ಅಸಲಿ ಸಿಮ್ಮಿನದೇ.

2021ರ ಜೂನ್‌ನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು, ಸೇನೆಯ ಗುಪ್ತಚರ ವಿಭಾಗ ಕೊಟ್ಟ ಸುಳಿವಿನ ಮೇಲೆ ನಗರದಲ್ಲಿ ನಡೆಯುತ್ತಿದ್ದ ಅಕ್ರಮ ದೂರವಾಣಿ ವಿನಿಮಯ ಕೇಂದ್ರವೊಂದನ್ನು ಪತ್ತೆ ಮಾಡಿದರು. ಸಿಕ್ಕಿದ್ದು 32 ಸಿಮ್ ಬಾಕ್ಸ್‌ಗಳು. ಅವುಗಳಲ್ಲಿ ಒಂದೇ ಸಲಕ್ಕೆ 960 ಸಿಮ್ ಕಾರ್ಡ್ ಬಳಸಬಹುದಿತ್ತು. ಸಿಮ್ ಬಾಕ್ಸ್ ಎಂದರೆ ಮೈತುಂಬ ಸಿಮ್ ಕಾರ್ಡ್ ಸಿಕ್ಕಿಸಿಕೊಂಡ, ಆಂಟೆನಾಗಳು ಚಾಚಿಕೊಂಡ ಪೆಟ್ಟಿಗೆ. ವಿದೇಶದಿಂದ ಕರೆ ಇಂಟರ್‌ನೆಟ್ ಮೂಲಕ ಇದರೊಳಗೆ ಬಂದು ಬೀಳುತ್ತದೆ. ಪೆಟ್ಟಿಗೆ ಅದನ್ನು ಸ್ಥಳೀಯ ಸಿಮ್ಮಿನ ಕರೆಯಾಗಿ ಮಾಡಿ ಹೊರಗೆ ಬಿಡುತ್ತದೆ. ಮಾತನಾಡುವವನು ಯಾವುದೋ ದೇಶದ ಕೋಣೆಯಲ್ಲಿ, ನಮ್ಮ ಫೋನಿನಲ್ಲಿ ಕಾಣುವುದು ನಮ್ಮದೇ ದೇಶದ ಹತ್ತಂಕಿಯ ಮೊಬೈಲ್ ನಂಬರ್. ಅಂತರರಾಷ್ಟ್ರೀಯ ಕರೆಯ ಶುಲ್ಕ ತಪ್ಪಿಸುವ ದಂಧೆಯಾಗಿ ಬೆಳೆದ ಈ ಪೆಟ್ಟಿಗೆ ಈಗ ವಂಚಕರ ಮರೆಯೂ ಆಗಿದೆ.

ಸರ್ಕಾರ ಕೈಕಟ್ಟಿ ಕೂತಿಲ್ಲ. ವಿದೇಶದಿಂದ ಬರುತ್ತಲೇ +91 ಎಂಬ ವೇಷ ತೊಟ್ಟ ಕರೆಗಳನ್ನು ಗಡಿಯಲ್ಲೇ ತಡೆಯುವ ವ್ಯವಸ್ಥೆಯೊಂದನ್ನು ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್ 22ರಂದು ಆರಂಭಿಸಿತು. ಇಲಾಖೆಯೇ ಹೇಳಿದಂತೆ, ಮೊದಲ 24 ಗಂಟೆಗಳಲ್ಲಿ ಸಿಕ್ಕಿಬಿದ್ದ ಕಳ್ಳಕರೆಗಳು ಸುಮಾರು 1.35 ಕೋಟಿ. 2023ರ ದೂರಸಂಪರ್ಕ ಕಾಯ್ದೆಯಲ್ಲಿ, ದೂರಸಂಪರ್ಕ ಗುರುತನ್ನು ತಿರುಚಿದವರಿಗೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಆದರೆ ಒಂದು ಬೇಲಿ ಬಿಗಿಯಾದರೆ ದನ ಇನ್ನೊಂದು ಕಡೆ ಸಂದಿ ಹುಡುಕುತ್ತದೆ.

ಹೆಸರಿಟ್ಟವರು ಯಾರು?

ನಂಬರಿನ ಕಥೆ ಹೀಗಾಯಿತು. ಇನ್ನು ಹೆಸರು. ಪರದೆಯ ಮೇಲಿನ ಹೆಸರು ನಾಲ್ಕು ಕಡೆಗಳಿಂದ ಬರಬಹುದು, ನಾಲ್ಕರ ತೂಕವೂ ಬೇರೆ ಬೇರೆ.

ಮೊದಲನೆಯದು ನಾವೇ ಸೇವ್ ಮಾಡಿಕೊಂಡದ್ದು. ‘ಕಾಯಿ ಕೀಳೋ ಮಂಜಣ್ಣ’ ಎಂದು ಬಂದರೆ ಅದು ನಾವು ಬರೆದ ಹೆಸರು. ಇದರ ತೂಕ ಹೆಚ್ಚು. ಆದರೂ ನಂಬರನ್ನೇ ನಕಲು ಮಾಡಿದವನಿಗೆ ನಮ್ಮ ಫೋನು ಮಂಜಣ್ಣನ ಹೆಸರನ್ನೇ ತೋರಿಸುತ್ತದೆ. ಅದು ಅಂಕಿ ನೋಡಿ ಹೆಸರು ಹೇಳುತ್ತದೆಯೇ ಹೊರತು ಮುಖ ನೋಡಿ ಅಲ್ಲ.

ಎರಡನೆಯದು ಟ್ರೂಕಾಲರ್‌ನಂಥ ಆ್ಯಪ್‌ಗಳು ತೋರಿಸುವ ಹೆಸರು. 2009ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಟ್ರೂಕಾಲರ್‌ಗೆ ಭಾರತವೇ ಅತಿ ದೊಡ್ಡ ಮಾರುಕಟ್ಟೆ. ಅದರ ಬಲವೆಲ್ಲ ಬಳಕೆದಾರರೇ ಕೊಟ್ಟ ಮಾಹಿತಿ. ಇದೊಂದು ಬಗೆಯ ಅರಳಿಕಟ್ಟೆಯ ತೀರ್ಮಾನ. ಹತ್ತು ಜನ ‘ಇವನು ಮೋಸಗಾರ’ ಎಂದರೆ ಪರದೆ ಕೆಂಪಾಗುತ್ತದೆ, ಅದು ಉಪಕಾರವೇ ಸರಿ. ಆದರೆ ನಿನ್ನೆ ಕೊಂಡ ಸಿಮ್ಮಿನ ಬಗ್ಗೆ ಕಟ್ಟೆಗಿನ್ನೂ ಏನೂ ಗೊತ್ತಿರುವುದಿಲ್ಲ. ಪರದೆ ಕೆಂಪಾಗಲಿಲ್ಲ ಎಂದರೆ ಇನ್ನೂ ಯಾರೂ ದೂರಿಲ್ಲ ಎಂದಷ್ಟೇ ಅರ್ಥ.

ಮೂರನೆಯದು ಹೊಸದು, ಸಿಎನ್‌ಎಪಿ. ಸಿಮ್ ಕೊಳ್ಳುವಾಗ ಅರ್ಜಿಯಲ್ಲಿ ಬರೆಸಿದ ಹೆಸರನ್ನು ದೂರಸಂಪರ್ಕ ಕಂಪನಿಯೇ ಕರೆಯೊಂದಿಗೆ ತೋರಿಸುವ ವ್ಯವಸ್ಥೆ. 2024ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಇದನ್ನು ಶಿಫಾರಸು ಮಾಡಿತು. 2025ರ ಅಕ್ಟೋಬರ್ ಹೊತ್ತಿಗೆ, ಗ್ರಾಹಕರು ಕೇಳದಿದ್ದರೂ ಇದು ಸಿಗಬೇಕೆಂಬ ವಿಚಾರದಲ್ಲಿ ಟ್ರಾಯ್ ಮತ್ತು ದೂರಸಂಪರ್ಕ ಇಲಾಖೆ ಒಮ್ಮತಕ್ಕೆ ಬಂದವು. ಇದು ದಾಖಲೆಯ ಹೆಸರಾದ್ದರಿಂದ ಅರಳಿಕಟ್ಟೆಯ ಹೆಸರಿಗಿಂತ ಗಟ್ಟಿ. ಆದರೆ ಪರದೆಯಲ್ಲಿ ಬರುವುದು ಸಿಮ್ಮಿನ ಒಡೆಯರ ಹೆಸರು, ಮಾತನಾಡುವವನದಲ್ಲ. ನಾಲ್ಕು ಕಾಸಿನ ಆಸೆಗೆ ತನ್ನ ಹೆಸರಿನ ಸಿಮ್ ಮಾರಿದ ಕೂಲಿಯವನ ಹೆಸರು ಮುಂದೆ, ಕಳ್ಳ ಅವನ ಹಿಂದೆ. ಅಂಥ ಕೂಲಿಯವನು ನಾವೇ ಆಗಿಬಿಟ್ಟಿದ್ದೇವೆಯೇ ಎಂದೂ ನೋಡಿಕೊಳ್ಳಬೇಕು. ಒಬ್ಬರ ಹೆಸರಿನಲ್ಲಿ ಸಾಮಾನ್ಯವಾಗಿ 9 ಸಿಮ್‌ಗಳವರೆಗೆ ಇರಬಹುದು. ನಮ್ಮ ಹೆಸರಿನಲ್ಲಿ ಎಷ್ಟು ಚಾಲ್ತಿಯಲ್ಲಿವೆ ಎಂಬುದನ್ನು 2023ರಿಂದ ಇರುವ ಸರ್ಕಾರದ ‘ಸಂಚಾರ್ ಸಾಥಿ’ ಜಾಲತಾಣ ತೋರಿಸುತ್ತದೆ. ಗೊತ್ತಿಲ್ಲದ ನಂಬರ್ ಕಂಡರೆ ಅಲ್ಲೇ ‘ಇದು ನನ್ನದಲ್ಲ’ ಎಂದು ತಿಳಿಸಬಹುದು.

ನಾಲ್ಕನೆಯದೇ ನಮ್ಮ ಅತ್ತೆಯ ಮನೆಗೆ ಬಂದದ್ದು. ಮರುವಾರ ಊರಿಗೆ ಹೋದಾಗ ಅವರ ಫೋನ್ ತೆಗೆದು ನೋಡಿದೆ. ಅದು ಮಾಮೂಲಿ ಕರೆಯೇ ಆಗಿರಲಿಲ್ಲ, ವಾಟ್ಸ್‌ಆ್ಯಪ್ ಕರೆ. ಬ್ಯಾಂಕಿನ ಹೆಸರು ಆ ಖಾತೆಯವನು ತಾನೇ ಟೈಪ್ ಮಾಡಿಕೊಂಡದ್ದು. ಲಾಂಛನ ಅವನು ಹಾಕಿಕೊಂಡ ಡಿಪಿ. ನಾವು ಸೂರ್ಯೋದಯದ ಚಿತ್ರ ಹಾಕುತ್ತೇವೆ, ಅವನು ಬ್ಯಾಂಕಿನ ಚಿತ್ರ ಹಾಕಿದ್ದ. ಜಾಲಗಳ ನಡುವಿನ ಚೀಟಿ, ಗಡಿಯ ತಡೆ, ಸಿಎನ್‌ಎಪಿ, ಈ ಯಾವ ಕಾವಲೂ ವಾಟ್ಸ್‌ಆ್ಯಪ್ ಕರೆಗೆ ಅನ್ವಯಿಸುವುದಿಲ್ಲ. ಅದು ಬರುವ ದಾರಿಯೇ ಬೇರೆ.

ನಂಬರಿನ ಜಾತಕ: ಒಂದು ನೋಟ

• 140ರಿಂದ ಶುರುವಾದರೆ ಪ್ರಚಾರದ ಕರೆ. ಬೇಡವೆನಿಸಿದರೆ 1909ಕ್ಕೆ ಕರೆ ಮಾಡಿ ಡಿಎನ್‌ಡಿ ಮಾಡಿಸಿಕೊಳ್ಳಬಹುದು.

• 1600ರಿಂದ ಶುರುವಾದರೆ ಬ್ಯಾಂಕ್, ವಿಮೆಯಂಥ ಸಂಸ್ಥೆಗಳ ಅಥವಾ ಸರ್ಕಾರದ ಸೇವಾ ಕರೆ. ಗ್ರಾಹಕರಿಗೆ ವಹಿವಾಟಿನ ಕರೆ ಮಾಡಲು ಈ ಸರಣಿಯನ್ನೇ ಬಳಸಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಹತ್ತಂಕಿಯ ಮೊಬೈಲಿನಿಂದ ‘ಬ್ಯಾಂಕಿನ ಹೆಡ್ಡಾಫೀಸು’ ಮಾತನಾಡಿದರೆ ಅನುಮಾನಿಸಿ. 1600 ಎಂದೇ ಬಂದರೂ ಒಟಿಪಿ ಮಾತ್ರ ಹೇಳಬೇಡಿ.

• + ಚಿಹ್ನೆಯ ನಂತರ 91 ಬಿಟ್ಟು ಬೇರೆ ಯಾವ ಸಂಖ್ಯೆ ಬಂದರೂ ಅದು ಹೊರದೇಶದ ನಂಬರ್. +92ರಂಥ ನಂಬರುಗಳಿಂದ ಸರ್ಕಾರಿ ಅಧಿಕಾರಿಗಳೆಂದು ಹೇಳಿಕೊಂಡು ಬರುವ ವಾಟ್ಸ್‌ಆ್ಯಪ್ ಕರೆಗಳ ಬಗ್ಗೆ 2024ರಲ್ಲೇ ದೂರಸಂಪರ್ಕ ಇಲಾಖೆ ಎಚ್ಚರಿಸಿತ್ತು. ಗುರುತಿಲ್ಲದ ವಿದೇಶಿ ನಂಬರಿನಿಂದ ಮಿಸ್ಡ್ ಕಾಲ್ ಬಂದರೆ ತಿರುಗಿ ಮಾಡಬೇಡಿ. ದುಬಾರಿ ದರದ ಲೈನಿಗೆ ಸಿಕ್ಕಿಸುವ ಗಾಳ ಅದಾಗಿರಬಹುದು.

• *401* ಅಥವಾ *21* ಒತ್ತಿ, ಅದರ ಮುಂದೆ ಒಂದು ಮೊಬೈಲ್ ನಂಬರ್ ಸೇರಿಸಿ ಡಯಲ್ ಮಾಡಿ ಎಂದು ಯಾರೇ ಹೇಳಲಿ, ಮಾಡಬೇಡಿ. ನಿಮಗೆ ಬರುವ ಕರೆಗಳೆಲ್ಲ ಅವನ ಫೋನಿಗೆ ಹರಿದುಹೋಗುವ ಸಂಕೇತ ಅದು. ಕರೆಯಲ್ಲಿ ಬರುವ ಒಟಿಪಿಯೂ ಅವನಿಗೇ. ಅನುಮಾನವಿದ್ದರೆ *#21# ಒತ್ತಿ ಪರೀಕ್ಷಿಸಿ, ##002# ಒತ್ತಿ ರದ್ದು ಮಾಡಿ.

‘ಲೈನಲ್ಲೇ ಇರಿ’

ಇಷ್ಟೆಲ್ಲ ತಿಳಿದವರೂ ಬೀಳುತ್ತಾರೆ. ಬೆಂಗಳೂರಿನ ಐವತ್ತು ದಾಟಿದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ‘ಡಿಜಿಟಲ್ ಅರೆಸ್ಟ್’ ಜಾಲದಲ್ಲಿ 31.83 ಕೋಟಿ ರೂಪಾಯಿ ಕಳೆದುಕೊಂಡ ಪ್ರಕರಣ 2025ರ ನವೆಂಬರ್‌ನಲ್ಲಿ ಬಯಲಾಯಿತು. ದುಡ್ಡು ಹೋದದ್ದು ಒಂದೇ ಏಟಿಗಲ್ಲ, ತಿಂಗಳುಗಟ್ಟಲೆ, 187 ವರ್ಗಾವಣೆಗಳಲ್ಲಿ. ಕಂಪ್ಯೂಟರ್ ಗೊತ್ತಿಲ್ಲದವರಷ್ಟೇ ಮೋಸಹೋಗುತ್ತಾರೆಂಬ ನಂಬಿಕೆಯನ್ನು ಈ ಒಂದು ಪ್ರಕರಣವೇ ಮುರಿಯುತ್ತದೆ.

ಡಿಜಿಟಲ್ ಅರೆಸ್ಟ್ ಎಂಬ ಈ ನಾಟಕದ ಅಂಕಗಳು ಈಗ ಬಾಯಿಪಾಠವಾಗುವಷ್ಟು ಹಳೆಯವು. ಮೊದಲು ಕೊರಿಯರ್‌ನವರ ಕರೆ: ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ.’ ಅಥವಾ ದೂರಸಂಪರ್ಕ ಇಲಾಖೆಯ ಹೆಸರಿನಲ್ಲಿ: ‘ಎರಡು ಗಂಟೆಯಲ್ಲಿ ನಿಮ್ಮ ನಂಬರ್ ಬಂದ್ ಆಗಲಿದೆ, 9 ಒತ್ತಿ.’ ಆಮೇಲೆ ಕರೆ ‘ಪೊಲೀಸರಿಗೆ’ ವರ್ಗವಾಗುತ್ತದೆ, ವಾಟ್ಸ್‌ಆ್ಯಪ್ ವಿಡಿಯೊ ತೆರೆಯುತ್ತದೆ. ಖಾಕಿ ಸಮವಸ್ತ್ರ, ಹಿಂದೆ ಧ್ವಜ, ಮೊಹರು ಹಾಕಿದ ವಾರಂಟ್. ಕೊನೆಗೆ ಎಲ್ಲ ನಾಟಕಗಳಲ್ಲೂ ಬರುವ ಎರಡು ಅಪ್ಪಣೆಗಳು: ಯಾರಿಗೂ ಹೇಳಬೇಡಿ, ಲೈನ್ ಕಟ್ ಮಾಡಬೇಡಿ.

ಈ ಎರಡೇ ಅದರ ಜೀವ. ದುಡ್ಡಿನ ಮಾತು ಬರುವುದು ಆಮೇಲೆ. ಮೊದಲು ಕಸಿದುಕೊಳ್ಳುವುದು ಸಮಯವನ್ನೂ ಪಕ್ಕದವರನ್ನೂ. ಐದು ನಿಮಿಷ ಸಿಕ್ಕರೆ ಮನಸ್ಸು ತಿಳಿಯಾಗುತ್ತದೆ. ಪಕ್ಕದ ಮನೆಯವರು ‘ಯಾರ್ರೀ ಅದು?’ ಎಂದರೆ ಸಾಕು, ಮಾಯೆ ಹರಿಯುತ್ತದೆ. ಅದಕ್ಕೇ ವಂಚಕನಿಗೆ ಈ ಎರಡನ್ನು ಕಂಡರೆ ಭಯ.

2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇಂಥದೊಂದು ಸಂಭಾಷಣೆಯನ್ನು ದೇಶಕ್ಕೆಲ್ಲ ಕೇಳಿಸಿದರು. ಅದನ್ನು ರೆಕಾರ್ಡ್ ಮಾಡಿಕೊಂಡವರು ನಮ್ಮ ವಿಜಯಪುರದವರು. ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ, ನಿಲ್ಲಿ, ಯೋಚಿಸಿ, ಕ್ರಮ ಕೈಗೊಳ್ಳಿ ಎಂದು ಪ್ರಧಾನಿ ಹೇಳಿದರು. ಆಮೇಲೂ ಜಾಲ ನಿಲ್ಲಲಿಲ್ಲ. ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರ ವೃದ್ಧ ದಂಪತಿ 2025ರ ಮಾರ್ಚ್‌ನಲ್ಲಿ ಇಂಥದೇ ಕಿರುಕುಳಕ್ಕೆ ಪ್ರಾಣ ತೆತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯ ಕೈಗೆತ್ತಿಕೊಂಡು, 2025ರ ಡಿಸೆಂಬರ್ 1ರಂದು ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆ ನಡೆಸುವಂತೆ ಸಿಬಿಐಗೆ ಸೂಚಿಸಿತು.

ಕನ್ನಡ ಮಾತಾಡಿದರೆ ನಮ್ಮವನು ಎಂಬ ಭರವಸೆಯೂ ಈಗ ಉಳಿದಿಲ್ಲ. ಅತ್ತೆಗೆ ಫೋನ್ ಮಾಡಿದ ಹುಡುಗ ‘ಅಮ್ಮ’ ಎಂದೇ ಶುರುಮಾಡಿದ್ದ. ದನಿಯನ್ನೇ ನಕಲು ಮಾಡುವ ತಂತ್ರಾಂಶಗಳು ಬಂದಿರುವಾಗ ‘ಅಪ್ಪಾ, ಆ್ಯಕ್ಸಿಡೆಂಟ್ ಆಗಿದೆ, ಬೇಗ ದುಡ್ಡು ಕಳಿಸಿ’ ಎಂಬ ಮಗನ ದನಿಯನ್ನೂ ಒಮ್ಮೆ ಪರೀಕ್ಷಿಸಬೇಕು.

ಪರೀಕ್ಷೆಗೆ ಇರುವ ದಾರಿ ಒಂದೇ, ಅದು ಅತ್ತೆ ಮಾಡಿದ್ದು. ಕಟ್ ಮಾಡಿ, ನಿಮಗೆ ಮೊದಲೇ ಗೊತ್ತಿರುವ ನಂಬರಿಗೆ ನೀವೇ ಮಾಡಿ. ಬಂದ ಕರೆಯಲ್ಲಿ ವಿಳಾಸ ಬರೆದವನು ಅವನು. ನೀವು ಮಾಡುವ ಕರೆಯಲ್ಲಿ ವಿಳಾಸ ಬರೆಯುವವರು ನೀವು. ಆ ನಂಬರ್ ಪಾಸ್‌ಬುಕ್ಕಿನದೋ, ಎಟಿಎಂ ಕಾರ್ಡಿನ ಬೆನ್ನಿನದೋ, ವಿದ್ಯುತ್ ಬಿಲ್ಲಿನದೋ ಆಗಿರಲಿ. ಗೂಗಲ್‌ನಲ್ಲಿ ಹುಡುಕಿದ ‘ಕಸ್ಟಮರ್ ಕೇರ್’ ನಂಬರ್ ಮಾತ್ರ ಬೇಡ. ಅಲ್ಲೂ ವಂಚಕರು ತಮ್ಮ ನಂಬರ್ ತೂರಿಸಿ ಕಾದಿರುತ್ತಾರೆ.

ಉಕ್ಕಿಹೋದ ಮೇಲೆ

ಒಂದು ವೇಳೆ ಒಟಿಪಿ ಹೇಳಿಯಾಯಿತು, ದುಡ್ಡು ಹೋಯಿತು. ಮುಂದೇನು?

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930. ದುಡ್ಡು ಕಳ್ಳನ ಕೈಸೇರುವ ಮುನ್ನ ನಾಲ್ಕಾರು ಖಾತೆಗಳಲ್ಲಿ ಜಿಗಿಯುತ್ತಾ ಹೋಗುತ್ತದೆ. ಅವೆಲ್ಲ ಬಾಡಿಗೆ ಖಾತೆಗಳು. ನೀವು ಕೊಟ್ಟ ದೂರು ಈ ವ್ಯವಸ್ಥೆಯಲ್ಲಿರುವ ಬ್ಯಾಂಕುಗಳಿಗೆ ತಲುಪಿ, ಹಣ ಎಲ್ಲಿ ತಂಗಿದೆಯೋ ಅಲ್ಲೇ ಅದನ್ನು ತಡೆಹಿಡಿಯುವ ಕೆಲಸ ಶುರುವಾಗುತ್ತದೆ. ಅದಕ್ಕೇ ಮೊದಲ ಒಂದೆರಡು ಗಂಟೆ ಚಿನ್ನ. ಹಣ ಹೋದ ಸಮಯ, ಮೊತ್ತ, ವಹಿವಾಟಿನ ಸಂಖ್ಯೆ ಕೈಯಲ್ಲಿಟ್ಟುಕೊಂಡು ಕರೆ ಮಾಡಿ. ಬ್ಯಾಂಕಿಗೂ ಆಗಲೇ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೂ ಹೋಗಬಹುದು.

ಬ್ಯಾಂಕಿಗೆ ಬೇಗ ತಿಳಿಸಬೇಕೆನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕನ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದಾದ ವಂಚನೆಯನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆಯಿಲ್ಲ. ಒಟಿಪಿಯನ್ನು ನಾವೇ ಹೇಳಿದ್ದರೆ, ತಿಳಿಸುವವರೆಗಿನ ನಷ್ಟ ನಮ್ಮದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಹಣ ಹೋಗಿಲ್ಲ, ಬರೀ ಅನುಮಾನದ ಕರೆ ಬಂತು ಎನ್ನುವವರಿಗೆ ಸಂಚಾರ್ ಸಾಥಿಯಲ್ಲೇ ‘ಚಕ್ಷು’ ಎಂಬ ದೂರು ವಿಭಾಗವಿದೆ.

ಇದಾದ ಕೆಲವು ದಿನಗಳಿಗೆ ಇನ್ನೊಂದು ಕರೆ ಬರಬಹುದು: ‘ನಿಮ್ಮ ಹಣ ಪತ್ತೆಯಾಗಿದೆ, ಬಿಡಿಸಿಕೊಳ್ಳಲು ಇಷ್ಟು ಶುಲ್ಕ ಕಟ್ಟಿ.’ ಅದು ಅದೇ ತೋಳ, ಎರಡನೇ ಸಲ.

ಕಳೆದುಕೊಂಡವರನ್ನು ಕಟ್ಟಿಹಾಕುವುದು ನಷ್ಟಕ್ಕಿಂತ ಹೆಚ್ಚಾಗಿ ನಾಚಿಕೆ. ‘ಇಷ್ಟು ಓದಿದ್ದೀರಿ, ಅಷ್ಟೂ ಗೊತ್ತಾಗಲಿಲ್ವಾ?’ ಎಂದು ಮಕ್ಕಳು ಕೇಳುತ್ತಾರೆಂಬ ಹೆದರಿಕೆಗೆ ದಿನಗಟ್ಟಲೆ ಬಾಯಿ ಬಿಡದವರಿದ್ದಾರೆ. ಆ ದಿನಗಳೇ ಕಳ್ಳನ ಲಾಭ. ಮನೆಯ ಹಿರಿಯರಿಗೆ ಆ್ಯಪ್ ಹಾಕಿಕೊಡುವುದಕ್ಕಿಂತ ಮೊದಲು ‘ಏನೇ ಆದರೂ ನನಗೆ ಹೇಳಿ, ಬೈಯೋದಿಲ್ಲ’ ಎಂಬ ಮಾತು ಕೊಡಬೇಕು.

ನಮ್ಮ ಬಳಗದಲ್ಲಿ ಈಗ ‘ಒಲೆ ಮೇಲೆ ಹಾಲಿದೆ’ ಎಂಬುದು ಗಾದೆಯಾಗಿದೆ. ಗುರುತಿಲ್ಲದವರು ಅವಸರ ಮಾಡಿದರೆ ಎಲ್ಲರದೂ ಅದೇ ಉತ್ತರ. ಬೆಂಗಳೂರಿನಲ್ಲಿ ಓದುವ, ಒಲೆಯನ್ನೇ ಹಚ್ಚದ ನನ್ನ ತಂಗಿಯ ಮಗನೂ ಅದನ್ನೇ ಹೇಳುತ್ತಾನೆ.

ಹೋದ ವಾರ ನನ್ನ ಮೊಬೈಲ್ ಚಾರ್ಜ್ ಮುಗಿದಿತ್ತು. ಆಫೀಸಿನ ಲ್ಯಾಂಡ್‌ಲೈನಿನಿಂದ ಅತ್ತೆಗೆ ಫೋನ್ ಮಾಡಿ, ‘ಅತ್ತೆ, ಒಂದು ಅರ್ಜೆಂಟ್ ವಿಷಯ’ ಎಂದೆ. ‘ಒಲೆ ಮೇಲೆ ಹಾಲಿದೆಯಪ್ಪ’ ಎಂದು ಇಟ್ಟೇಬಿಟ್ಟರು. ಚಾರ್ಜರ್ ಸಿಕ್ಕಿಸಿ ಮೊಬೈಲ್ ಆನ್ ಮಾಡುವಷ್ಟರಲ್ಲಿ ಅವರದೇ ಕರೆ: ‘ಈಗ ಮಾಡಿದ್ದು ನೀನೇನೋ?’

ಆಗ ಮಧ್ಯಾಹ್ನ ಎರಡೂವರೆ. ಅವರ ಮನೆಯಲ್ಲಿ ನಾಲ್ಕಕ್ಕೆ ಮೊದಲು ಯಾರೂ ಹಾಲು ಕಾಯಿಸುವುದಿಲ್ಲ.